ನಾಯಿಗೊಂದು ನಿಯತ ಸ್ಥಳ
(ಮಹಾನಗರದ ಮನೆಗಳಲ್ಲಿ ಶ್ವಾನಶೌಚದ ಶಿಕ್ಷಣ)

ಊರಿನಲ್ಲಿ ನಾಯಿಗೆ ಶೌಚದ ಪಾಠವನ್ನು ಯಾರೂ ಹೇಳಿಕೊಡುತ್ತಿರಲಿಲ್ಲ. ಮನೆಯ ಹಿಂದೆ ಹಿತ್ತಿಲಿತ್ತು. ಅದರಾಚೆ ಗದ್ದೆಯ ಬದುವೋ, ಹೊಲವೋ, ಹಾಡಿಯೋ ಇರುತ್ತಿತ್ತು. ನಾಯಿ ತನಗೆ ಬೇಕೆನಿಸಿದಾಗ ಎದ್ದು ಹೋಗಿ, ಕೆಲಸ ತೀರಿಸಿಕೊಂಡು ಬಂದು, ಮತ್ತೆ ಜಗಲಿಯ ಕೆಳಗೆ ಮಲಗುತ್ತಿತ್ತು. ಅದು ಎಲ್ಲಿಗೆ ಹೋಗಿತ್ತೆಂದು ಕೇಳುವವರಿರಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಮುಂಬಯಿಯಂತಹ ಮಹಾನಗರದಲ್ಲಿ ನೆಲೆಸಿರುವ ನಮ್ಮ ಸ್ಥಿತಿ ಬೇರೆ. ಇಲ್ಲಿ ಬಾಗಿಲು ತೆರೆದರೆ ಕಾಣುವುದು ಹಿತ್ತಿಲಲ್ಲ, ನೆರೆಯವರ ಬಾಗಿಲು. ಅದರಾಚೆಗೆ ಮೆಟ್ಟಿಲು, ಲಿಫ್ಟು, ವಾಹನಗಳು ನಿಲ್ಲುವ ಅಂಗಳ, ಮಕ್ಕಳು ಆಡುವ ಮೂಲೆ. ಇವೆಲ್ಲವೂ ಹತ್ತಾರು ಕುಟುಂಬಗಳಿಗೆ ಸೇರಿದ ಸಮಾನ ಸ್ವತ್ತು. ಊರಿನಲ್ಲಿ ಭೂಮಿಯೇ ವಹಿಸಿಕೊಂಡಿದ್ದ ಹೊಣೆಯನ್ನು ಇಲ್ಲಿ ಒಡೆಯನೇ ಹೊರಬೇಕಾಗುತ್ತದೆ.

ಈ ಲೇಖಕ ಪಶುವೈದ್ಯನಲ್ಲ. ವಾಣಿಜ್ಯಶಾಸ್ತ್ರದಲ್ಲಿ ಪದವಿ ಪಡೆದು ಬ್ಯಾಂಕೊಂದರಲ್ಲಿ ಅಧಿಕಾರಿಯಾಗಿರುವವನು. ನಾಲ್ಕನೆಯ ಮಹಡಿಯ ಮನೆಯಲ್ಲಿ ನಾಯಿಯೊಂದನ್ನು ಸಾಕಿದ ಅನುಭವ, ಪಶುವೈದ್ಯರಿಂದ ಕೇಳಿ ತಿಳಿದ ಮಾತು ಹಾಗೂ ಈ ವಿಷಯದಲ್ಲಿ ಓದಿಕೊಂಡುದರ ಸಾರ, ಇಷ್ಟನ್ನೇ ಇಲ್ಲಿ ವಾಚಕರ ಮುಂದಿಡಲಾಗಿದೆ. ಹೇಳಬೇಕಾದ ಮುಖ್ಯ ಮಾತು ಒಂದೇ: ನಾಯಿಗೆ ‘ಇಲ್ಲಿ ಮಾಡಬಾರದು’ ಎಂದು ಕಲಿಸುವುದು ಕಷ್ಟ; ‘ಅಲ್ಲಿ ಮಾಡಬೇಕು’ ಎಂದು ಕಲಿಸುವುದು ಸುಲಭ. ಬಾರದ ಸ್ಥಳಗಳು ಸಾವಿರ, ತಕ್ಕ ಸ್ಥಳ ಒಂದು. ಆ ಒಂದನ್ನು ಗೊತ್ತುಮಾಡಿಕೊಟ್ಟರೆ ಉಳಿದ ಸಾವಿರದ ಸಮಸ್ಯೆ ತಾನಾಗಿ ಬಗೆಹರಿಯುತ್ತದೆ.

ಈ ಶಿಕ್ಷಣವೇಕೆ?

ಸಹಕಾರಿ ಗೃಹನಿರ್ಮಾಣ ಸಂಘಗಳ ವಾರ್ಷಿಕ ಮಹಾಸಭೆಗೆ ಹೋದವರಿಗೆಲ್ಲ ಗೊತ್ತಿರುವಂತೆ, ನೀರು, ಪಾರ್ಕಿಂಗ್ ಮತ್ತು ನಾಯಿ ಈ ಮೂರು ವಿಷಯಗಳು ಅಲ್ಲಿ ತಪ್ಪದೆ ಚರ್ಚೆಗೆ ಬರುತ್ತವೆ. ನಮ್ಮ ಪರಿಚಯದ ಒಂದು ಸಂಘದಲ್ಲಿ ಮೆಟ್ಟಿಲಿನ ಮೇಲಿನ ಹೊಲಸಿನ ಮಾತು ವರ್ಷವಿಡೀ ನಡೆಯಿತು. ಕಡೆಗೆ ನೆರೆಯವರೊಡನೆ ಮನಸ್ತಾಪ ಬೆಳೆದು, ಆ ವೃದ್ಧ ದಂಪತಿಗಳು ಆರು ವರ್ಷ ಸಾಕಿದ ನಾಯಿಯನ್ನು ದೂರದ ಬಂಧುಗಳ ತೋಟಕ್ಕೆ ಕಳುಹಿಸಬೇಕಾಯಿತು. ನಾಯಿ ಯಾರನ್ನೂ ಕಚ್ಚಿರಲಿಲ್ಲ, ರಾತ್ರಿ ಬೊಗಳುತ್ತಲೂ ಇರಲಿಲ್ಲ. ಅದಕ್ಕೊಂದು ಸ್ಥಳ ಗೊತ್ತಿರಲಿಲ್ಲ, ಅಷ್ಟೇ.

ಕಾನೂನಿನ ರಕ್ಷಣೆ ಇಲ್ಲವೆಂದಲ್ಲ. ಯಾವ ನಿವಾಸಿ ಸಂಘವೂ, ಬಹುಮತದ ನಿರ್ಣಯದಿಂದಲೇ ಆಗಲಿ, ಸಾಕುನಾಯಿಗಳನ್ನು ನಿಷೇಧಿಸಲಾಗದೆಂದು ಭಾರತೀಯ ಪ್ರಾಣಿಕಲ್ಯಾಣ ಮಂಡಳಿಯು 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಸ್ಪಷ್ಟಪಡಿಸಿದೆ. ಆದರೆ ಹಕ್ಕು ಕಾಗದದ ಮೇಲಿದ್ದರೆ ಸಾಲದು. ಒಂದೇ ಲಿಫ್ಟಿನಲ್ಲಿ ದಿನಕ್ಕೆ ನಾಲ್ಕು ಬಾರಿ ಮುಖ ನೋಡಬೇಕಾದ ನೆರೆಯವರ ಸೌಹಾರ್ದವನ್ನು ಯಾವ ಸುತ್ತೋಲೆಯೂ ಕೊಡಲಾರದು. ಅದನ್ನು ನಾವೇ ಗಳಿಸಿಕೊಳ್ಳಬೇಕು.

ಎರಡನೆಯ ಕಾರಣ ಆರೋಗ್ಯ. ನಾಯಿಮರಿಗಳಲ್ಲಿ ಅನೇಕವು ತಾಯಿಯಿಂದಲೇ ದುಂಡುಹುಳುವಿನ ಸೋಂಕನ್ನು ಪಡೆದು ಹುಟ್ಟುತ್ತವೆ. ಮಲದೊಡನೆ ಹೊರಬೀಳುವ ಈ ಹುಳುವಿನ ಮೊಟ್ಟೆಗಳು ಆ ಕೂಡಲೆ ಅಪಾಯಕಾರಿಯಲ್ಲ. ಮಣ್ಣಿನಲ್ಲಿ ಸುಮಾರು ಎರಡರಿಂದ ನಾಲ್ಕು ವಾರ ಬೆಳೆದ ಮೇಲೆ ಸೋಂಕು ಹರಡಲು ಸಮರ್ಥವಾಗುತ್ತವೆ. ಅನಂತರ ತಿಂಗಳುಗಟ್ಟಲೆ ಜೀವಂತವಾಗಿರುತ್ತವೆ. ಮಣ್ಣಿನಲ್ಲಾಡಿ ಕೈ ತೊಳೆಯದೆ ಬಾಯಿಗಿಡುವ ಮಕ್ಕಳ ದೇಹದೊಳಗೆ ಹೊಕ್ಕರೆ, ಅದರ ಮರಿಹುಳು ಯಕೃತ್ತಿಗೆ, ಶ್ವಾಸಕೋಶಕ್ಕೆ, ಕೆಲವೊಮ್ಮೆ ಕಣ್ಣಿಗೂ ಸಾಗಬಹುದು. ಕೊಕ್ಕೆಹುಳುವಿನ ಮರಿಗಳು ಒಂದು ವಾರದೊಳಗಾಗಿಯೇ ಸಿದ್ಧವಾಗಿ, ಬರಿಗಾಲಿನ ಚರ್ಮವನ್ನು ಕೊರೆದು ಪ್ರವೇಶಿಸಬಲ್ಲವು. ಆದುದರಿಂದ ಮಲವನ್ನು ಅಂದಂದೇ, ಸಾಧ್ಯವಾದರೆ ಆ ಕ್ಷಣವೇ ಎತ್ತಿಬಿಟ್ಟರೆ ರೋಗದ ಸರಪಳಿ ಅಲ್ಲಿಗೇ ತುಂಡಾಗುತ್ತದೆ. ಹತ್ತು ಕಡೆ ಹರಡಿದ್ದನ್ನು ಎತ್ತುವುದು ಅಸಾಧ್ಯ. ಒಂದೇ ಕಡೆ ಇದ್ದುದನ್ನು ಎತ್ತುವುದು ಒಂದು ನಿಮಿಷದ ಕೆಲಸ.

ನಾಯಿಯ ಸ್ವಭಾವವೇ ನಮ್ಮ ಬಂಡವಾಳ

ಹುಟ್ಟಿದ ಮೊದಲ ಎರಡು ಮೂರು ವಾರ ಮರಿಯು ತಾನಾಗಿ ಮಲಮೂತ್ರ ವಿಸರ್ಜಿಸಲಾರದು. ತಾಯಿ ನೆಕ್ಕಿ ಪ್ರಚೋದಿಸುತ್ತದೆ, ತಾನೇ ಶುಚಿಮಾಡುತ್ತದೆ. ಕಾಲಿಗೆ ಬಲ ಬಂದೊಡನೆ ಮರಿಯು ಮಲಗುವ ಜಾಗವನ್ನು ಬಿಟ್ಟು ದೂರ ಹೋಗತೊಡಗುತ್ತದೆ. ತನ್ನ ಹಾಸಿಗೆಯನ್ನು ತಾನು ಕೆಡಿಸಿಕೊಳ್ಳಬಾರದೆಂಬ ಪ್ರವೃತ್ತಿ ಅದಕ್ಕೆ ಜನ್ಮತಃ ಬಂದುದು. ನಾವು ಮಾಡಬೇಕಾದುದು ಈ ‘ಹಾಸಿಗೆ’ಯ ಮೇರೆಯನ್ನು ಇಡೀ ಮನೆಗೆ, ಮೆಟ್ಟಿಲಿಗೆ, ಅಂಗಳಕ್ಕೆ ವಿಸ್ತರಿಸುವುದಷ್ಟೆ.

ಸುಮಾರು ಎಂಟು ಒಂಬತ್ತು ವಾರಗಳ ವಯಸ್ಸಿನಲ್ಲಿ ಮರಿಗೆ ಪಾದದಡಿಯ ನೆಲದ ಬಗ್ಗೆ ರುಚಿ ಹುಟ್ಟುತ್ತದೆ. ಮಣ್ಣಿನ ಮೇಲೆ ರೂಢಿಯಾದದ್ದು ಮಣ್ಣನ್ನೂ, ಹುಲ್ಲಿನ ಮೇಲೆ ರೂಢಿಯಾದದ್ದು ಹುಲ್ಲನ್ನೂ ಅರಸುತ್ತದೆ. ಮೊಸಾಯಿಕ್ ನೆಲದ ಮೇಲೆಯೇ ರೂಢಿಯಾದರೆ ಅದನ್ನೂ ಬಿಡುವುದಿಲ್ಲ. ಇನ್ನು ಮೂಗಿನ ಮಾತು. ಮನುಷ್ಯನ ಮೂಗಿನಲ್ಲಿ ವಾಸನೆ ಗ್ರಹಿಸುವ ಕೋಶಗಳು ಐವತ್ತು ಅರವತ್ತು ಲಕ್ಷವೆಂದೂ, ನಾಯಿಯಲ್ಲಿ ತಳಿಯನ್ನನುಸರಿಸಿ ಹತ್ತು ಕೋಟಿಯಿಂದ ಮೂವತ್ತು ಕೋಟಿಯವರೆಗೆಂದೂ ಅಂದಾಜಿದೆ. ನಮಗೆ ಒರೆಸಿ ಶುಭ್ರವಾಗಿ ಕಂಡ ನೆಲ ಅದಕ್ಕೆ ಫಲಕ ತೂಗುಹಾಕಿದ ಶೌಚಾಲಯದಂತೆ ತೋರಬಹುದು. ಈ ಮೂಗನ್ನು ನಮ್ಮ ವಿರುದ್ಧವಲ್ಲದೆ ನಮ್ಮ ಪರವಾಗಿ ದುಡಿಸಿಕೊಳ್ಳುವುದೇ ಜಾಣತನ.

ಮೂರನೆಯದು ಕಲಿಕೆಯ ನಿಯಮ. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1898ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ತಿಳಿದುಬಂದುದು ಇದು: ಯಾವ ಕ್ರಿಯೆಯ ಬೆನ್ನಿಗೇ ಸಂತೋಷ ದೊರೆಯುವುದೋ ಆ ಕ್ರಿಯೆಯನ್ನು ಪ್ರಾಣಿ ಮತ್ತೆ ಮತ್ತೆ ಮಾಡುತ್ತದೆ. ಜೀರ್ಣಕ್ರಿಯೆಯ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಪಾರಿತೋಷಕ ಪಡೆದ ರಷ್ಯದ ಪಾವ್ಲೋವ್, ಆಹಾರದೊಡನೆ ಪದೇ ಪದೇ ಜೊತೆಗೂಡಿದ ಸಂಕೇತವೊಂದೇ ನಾಯಿಯ ಬಾಯಲ್ಲಿ ನೀರೂರಿಸಬಲ್ಲದೆಂದು ತೋರಿಸಿದನು. ಒಂದೇ ದಾರಿ, ಒಂದೇ ಜಾಗ, ಒಂದೇ ಮಾತು, ತಕ್ಷಣದ ಮೆಚ್ಚುಗೆ: ಈ ನಾಲ್ಕೂ ಕೂಡಿದರೆ ಅಭ್ಯಾಸ ಬೇರೂರುತ್ತದೆ.

ಸ್ಥಳದ ಆಯ್ಕೆ

ಸ್ಥಳವನ್ನು ನಾವೊಬ್ಬರೇ ಗೊತ್ತುಮಾಡದೆ ಸಂಘದ ಕಾರ್ಯದರ್ಶಿಯವರೊಡನೆ ಮಾತನಾಡಿ ನಿರ್ಧರಿಸುವುದು ಲೇಸು. ಒಂದು ಒಂದೂವರೆ ಮೀಟರ್ ಚೌಕದ ಮಣ್ಣು ಅಥವಾ ಮರಳಿನ ಜಾಗ ಸಾಕು. ಅದು ಲಿಫ್ಟಿನಿಂದ ಒಂದೆರಡು ನಿಮಿಷದ ದಾರಿಯೊಳಗಿರಲಿ. ಮಕ್ಕಳ ಆಟದ ಜಾಗ, ತುಳಸಿಕಟ್ಟೆ, ವೃದ್ಧರು ಕೂರುವ ಬೆಂಚು ಇವುಗಳಿಂದ ದೂರವಿರಲಿ. ನೆಲದಡಿಯ ನೀರಿನ ತೊಟ್ಟಿಯ ಹತ್ತಿರವಾಗಲಿ, ಮಳೆನೀರು ಹರಿಯುವ ಚರಂಡಿಯ ಪಕ್ಕದಲ್ಲಾಗಲಿ ಸರ್ವಥಾ ಕೂಡದು. ವಾಹನಗಳ ಗಾಲಿಗಳ ನಡುವೆಯೂ ಬೇಡ. ಗಂಡುನಾಯಿಗಳು ನೆಟ್ಟಗೆ ನಿಂತ ವಸ್ತುವಿನ ಮೇಲೆ ಕಾಲೆತ್ತುವುದರಿಂದ ಸ್ಕೂಟರಿನ ಒಡೆಯರೊಡನೆ ವ್ಯಾಜ್ಯ ತಪ್ಪದು. ಹೂಗಿಡಗಳ ಬುಡವೂ ಸಲ್ಲದು. ಮೂತ್ರದಲ್ಲಿನ ಸಾರಜನಕ ಮತ್ತು ಲವಣಗಳ ಅತಿಶಯದಿಂದ ಹುಲ್ಲು ಮತ್ತು ಎಳೆಯ ಗಿಡಗಳು ಸುಟ್ಟಂತಾಗುತ್ತವೆ. ಗಂಡುನಾಯಿಗಾಗಿ ಜಾಗದ ನಡುವೆ ಮೊಳದುದ್ದದ ಮರದ ಗೂಟವನ್ನು ನೆಟ್ಟರೆ ಅದು ಬೇರೆ ಕಂಬವನ್ನು ಹುಡುಕಿಕೊಂಡು ಹೋಗುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಲಸಿಕೆಗಳ ಸರಣಿ ಮುಗಿಯುವವರೆಗೆ, ಎಂದರೆ ಸಾಮಾನ್ಯವಾಗಿ ಹದಿನಾರು ವಾರ ತುಂಬುವವರೆಗೆ, ಮರಿಯನ್ನು ಬೀದಿನಾಯಿಗಳು ಓಡಾಡುವ ನೆಲಕ್ಕೆ ಬಿಡಬಾರದು. ಮರಿಗಳಿಗೆ ಮಾರಕವಾದ ಪಾರ್ವೊ ವಿಷಾಣುವು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಹಾಗೆಂದು ಶಿಕ್ಷಣವನ್ನು ಮುಂದೂಡಬೇಕಾಗಿಲ್ಲ. ಅಷ್ಟು ದಿನ ಬಾಲ್ಕನಿಯಲ್ಲಿ ಅಗಲವಾದ ತಟ್ಟೆಯೊಂದರಲ್ಲಿ ಮಣ್ಣನ್ನೋ ಹುಲ್ಲಿನ ಹೆಪ್ಪನ್ನೋ ಇಟ್ಟು, ಕೆಳಗಣ ಜಾಗದಲ್ಲಿ ಮುಂದೆ ದೊರೆಯುವ ನೆಲವನ್ನೇ ಪಾದಕ್ಕೆ ಪರಿಚಯಿಸಬಹುದು. ವೈದ್ಯರು ಅನುಮತಿಯಿತ್ತ ಮೇಲೆ ಆ ತಟ್ಟೆಯ ಹಿಡಿಮಣ್ಣನ್ನು ಕೆಳಗಿನ ಜಾಗದಲ್ಲಿ ಸುರಿದರೆ ವಾಸನೆಯೇ ದಾರಿ ತೋರಿಸುತ್ತದೆ.

ರೋಜುಕೀರ್ದಿ

ಲೆಕ್ಕಪತ್ರದ ಅಭ್ಯಾಸವಿರುವವನಿಗೆ ಈ ಭಾಗ ಸಹಜವಾಗಿಯೇ ಪ್ರಿಯವಾದುದು. ಎರಡು ವಾರಗಳ ಕಾಲ ಒಂದು ನೋಟುಪುಸ್ತಕದಲ್ಲಿ, ಎಡಕ್ಕೆ ಊಟ ಮತ್ತು ನೀರು ಕೊಟ್ಟ ವೇಳೆಯನ್ನೂ, ಬಲಕ್ಕೆ ವಿಸರ್ಜನೆಯ ವೇಳೆಯನ್ನೂ ಬರೆದಿಡಿರಿ. ಜಮಾಕ್ಕೂ ಖರ್ಚಿಗೂ ಇರುವ ಅಂತರ ದಿನದಿಂದ ದಿನಕ್ಕೆ ಸ್ಪಷ್ಟವಾಗುತ್ತದೆ. ನಾಯಿಯ ದೇಹ ಬಹು ನಿಯಮಬದ್ಧವಾದ ಗಡಿಯಾರ. ಹೊಟ್ಟೆಗೆ ಆಹಾರ ಬಿದ್ದೊಡನೆ ದೊಡ್ಡಕರುಳು ಚಲನೆಗೆ ತೊಡಗುವುದರಿಂದ, ಊಟವಾದ ಹದಿನೈದರಿಂದ ಮೂವತ್ತು ನಿಮಿಷದೊಳಗೆ ಮರಿಗೆ ಹೊರಗೆ ಹೋಗಬೇಕೆನಿಸುತ್ತದೆ. ನಿದ್ದೆಯಿಂದ ಎದ್ದೊಡನೆ, ಆಟವಾಡಿದೊಡನೆ, ರಾತ್ರಿ ಮಲಗುವ ಮುನ್ನ ಇವು ಉಳಿದ ನಿಶ್ಚಿತ ವೇಳೆಗಳು. ಇಡೀ ದಿನ ಬಟ್ಟಲಿನಲ್ಲಿ ಆಹಾರ ಬಿಟ್ಟಿರುವ ಮನೆಯಲ್ಲಿ ಈ ಗಡಿಯಾರ ಕೆಡುತ್ತದೆ. ಆದುದರಿಂದ ಊಟಕ್ಕೆ ಗೊತ್ತಾದ ಹೊತ್ತಿರಬೇಕು. ನೀರನ್ನು ಮಾತ್ರ ಎಂದೂ ಕಡಿಮೆ ಮಾಡಲಾಗದು.

ಮರಿಯು ಎಷ್ಟು ಗಂಟೆ ತಡೆದುಕೊಳ್ಳಬಲ್ಲದೆಂಬುದಕ್ಕೆ ಒಂದು ಸ್ಥೂಲ ಸೂತ್ರವಿದೆ. ವಯಸ್ಸಿನ ತಿಂಗಳ ಸಂಖ್ಯೆಗೆ ಒಂದನ್ನು ಕೂಡಿಸಿದರೆ ದೊರೆಯುವಷ್ಟು ಗಂಟೆ. ಮೂರು ತಿಂಗಳ ಮರಿಗೆ ನಾಲ್ಕು ಗಂಟೆ. ಇದು ಮೇಲಿನ ಮಿತಿ. ಹಗಲಿನಲ್ಲಿ ಆ ವಯಸ್ಸಿಗೆ ಎರಡು ಗಂಟೆಗೊಮ್ಮೆ ಕರೆದೊಯ್ಯುವುದೇ ಕ್ಷೇಮ. ಬೆಳೆದ ನಾಯಿಯನ್ನೂ ಆರೆಂಟು ಗಂಟೆಗಿಂತ ಹೆಚ್ಚು ಕಾಯಿಸುವುದು ನ್ಯಾಯವಲ್ಲ.

ಈ ಸೂತ್ರದ ಮುಂದೆ ನಮ್ಮ ದಿನಚರಿಯನ್ನಿಟ್ಟು ನೋಡಬೇಕು. ಎಂಟು ಗಂಟೆ ಕಚೇರಿ, ಹೋಗಿಬರುವ ಲೋಕಲ್ ರೈಲು ಮೂರು ಗಂಟೆ. ಪತಿಪತ್ನಿಯರಿಬ್ಬರೂ ದುಡಿಯುವವರು, ಮಕ್ಕಳು ಶಾಲೆಯಲ್ಲಿ. ಹಗಲಿಡೀ ಬೀಗ ಬಿದ್ದ ಮನೆಗೆ ಎರಡು ತಿಂಗಳ ಮರಿಯನ್ನು ತರುವುದೆಂದರೆ, ತೀರಿಸಲಾಗದೆಂದು ಗೊತ್ತಿದ್ದೂ ಸಾಲ ಮಾಡಿದಂತೆ. ಅಂತಹವರು ಹಗಲಿನಲ್ಲಿ ನಾಯಿಯನ್ನು ಕರೆದೊಯ್ಯುವ ನಂಬಿಕಸ್ಥರನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು, ಇಲ್ಲವೆ ಬೆಳೆದ ನಾಯಿಯೊಂದಕ್ಕೆ ಮನೆಯಲ್ಲಿ ಆಶ್ರಯ ಕೊಡಬೇಕು.

ಕಲಿಸುವ ಕ್ರಮ

ವೇಳೆಯಾದೊಡನೆ ನಾಯಿಗೆ ಹಗ್ಗ ಕಟ್ಟಿರಿ. ಚಿಕ್ಕ ಮರಿಯಾದರೆ ಎತ್ತಿಕೊಂಡೇ ಇಳಿಯಿರಿ. ನಾಲ್ಕು ಮಹಡಿಯ ಮೆಟ್ಟಿಲಿನಷ್ಟು ಹೊತ್ತು ಕಾಯುವ ಶಕ್ತಿ ಅದಕ್ಕಿಲ್ಲ. ಪ್ರತಿಸಲವೂ ಒಂದೇ ದಾರಿಯಿಂದ ನೇರವಾಗಿ ಜಾಗಕ್ಕೆ ಹೋಗಿ, ಕಂಬದಂತೆ ನಿಂತುಬಿಡಿರಿ. ಹಗ್ಗದ ಸುತ್ತಳತೆಯಲ್ಲಿ ಅದು ಮೂಸಲಿ, ಸುತ್ತಲಿ. ಮಾತು, ಆಟ, ಮೊಬೈಲ್ ಯಾವುದೂ ಬೇಡ. ಐದರಿಂದ ಹತ್ತು ನಿಮಿಷ ಕಾಯಿರಿ.

ಅದು ಕುಳಿತುಕೊಳ್ಳುವ ಲಕ್ಷಣ ತೋರಿದಾಗ ಗೊತ್ತುಪಡಿಸಿದ ಮಾತನ್ನು ಮೆಲ್ಲಗೆ ಒಮ್ಮೆ ಹೇಳಿರಿ. ಈ ಮಾತಿನ ಆಯ್ಕೆ ನಮ್ಮಂತಹ ಮನೆಗಳಲ್ಲಿ ಸ್ವಲ್ಪ ವಿಚಾರ ಮಾಡಬೇಕಾದ ಸಂಗತಿ. ಅಜ್ಜಿ ಕನ್ನಡದಲ್ಲಿ, ಮೊಮ್ಮಗ ಇಂಗ್ಲಿಷಿನಲ್ಲಿ, ಕೆಲಸದವಳು ಮರಾಠಿಯಲ್ಲಿ, ನಾಯಿಯನ್ನು ಸುತ್ತಾಡಿಸುವ ಹುಡುಗ ಹಿಂದಿಯಲ್ಲಿ ಆಜ್ಞೆ ಮಾಡಿದರೆ ನಾಯಿಗೆ ನಾಲ್ಕೂ ಅರ್ಥವಾಗುವುದಿಲ್ಲ. ದಿನಬಳಕೆಯ ಮಾತಿನಲ್ಲಿ ಹೆಚ್ಚು ಬಾರದ ಒಂದೇ ಶಬ್ದವನ್ನು ಎಲ್ಲರೂ ಬಳಸಬೇಕು. ನಮ್ಮ ಮನೆಯಲ್ಲಿ ಆರಿಸಿಕೊಂಡದ್ದು ‘ಬಯಲು’. ಉತ್ತರಪ್ರದೇಶದ ಆ ಹುಡುಗನಿಗೆ ಬರುವ ಒಂದೇ ಒಂದು ಕನ್ನಡ ಶಬ್ದ ಅದು. ಆದರೆ ಅವನು ಅದನ್ನು ಬಹು ಶುದ್ಧವಾಗಿ ಉಚ್ಚರಿಸುತ್ತಾನೆ.

ಕೆಲಸ ಮುಗಿದ ಒಂದೆರಡು ಸೆಕೆಂಡುಗಳೊಳಗೆ, ಅಲ್ಲಿಯೇ ನಿಂತು, ಮೆಚ್ಚುಗೆಯ ಮಾತಿನೊಡನೆ ತಿನಿಸಿನ ಸಣ್ಣ ಚೂರೊಂದನ್ನು ಕೊಡಿರಿ. ಮನೆಗೆ ಬಂದು ಕೊಟ್ಟರೆ, ಅದು ಮೆಟ್ಟಿಲು ಹತ್ತಿಬಂದುದಕ್ಕೆ ದೊರೆತ ಬಹುಮಾನವೆಂದು ನಾಯಿ ತಿಳಿಯುತ್ತದೆ. ಅನಂತರ ಸ್ವಲ್ಪ ಹೊತ್ತು ಸುತ್ತಾಡಿಸಿರಿ. ಕೆಲಸವಾದೊಡನೆ ಮನೆಗೆ ಎಳೆದುತಂದರೆ, ‘ಬೇಗ ಮುಗಿಸಿದರೆ ತಿರುಗಾಟ ನಿಲ್ಲುತ್ತದೆ’ ಎಂಬ ಲೆಕ್ಕ ಅದಕ್ಕೆ ಬಂದು, ಬೇಕೆಂದೇ ತಡಮಾಡತೊಡಗುತ್ತದೆ. ಮೊದಲು ಕೆಲಸ, ಆಮೇಲೆ ವಿಹಾರ ಎಂಬುದು ಇಲ್ಲಿನ ನಿಯಮ.

ಹತ್ತು ನಿಮಿಷವಾದರೂ ಏನೂ ಆಗದಿದ್ದರೆ ಮನೆಗೆ ಮರಳಿ, ಕಣ್ಣಳತೆಯಲ್ಲಿಟ್ಟುಕೊಂಡು, ಹದಿನೈದು ನಿಮಿಷದ ಮೇಲೆ ಮತ್ತೆ ಕರೆದೊಯ್ಯಿರಿ. ನೆಲ ಮೂಸುತ್ತ ವೃತ್ತಾಕಾರವಾಗಿ ಸುತ್ತುವುದು, ಆಟವನ್ನು ತಟ್ಟನೆ ನಿಲ್ಲಿಸುವುದು, ಬಾಗಿಲ ಕಡೆ ನೋಡುವುದು ಇವೆಲ್ಲ ಅದು ಕೊಡುವ ನೋಟೀಸು. ಎತ್ತಿದ ಮಲವನ್ನು ಕಾಗದದಲ್ಲಿ ಸುತ್ತಿ, ನಿಮ್ಮ ನಗರದ ಪಾಲಿಕೆ ವಿಧಿಸಿರುವಂತೆ ವಿಲೇವಾರಿ ಮಾಡಿರಿ. ಗೊಬ್ಬರವೆಂದು ತರಕಾರಿಯ ಕುಂಡಕ್ಕೆ ಹಾಕಬಾರದು; ಮನೆಯ ಗೊಬ್ಬರದ ಬುಟ್ಟಿಯ ಶಾಖಕ್ಕೆ ಹುಳುವಿನ ಮೊಟ್ಟೆಗಳು ಸಾಯುವುದಿಲ್ಲ.

ತಪ್ಪಿದಾಗ

ಮನೆಯೊಳಗೆ ಕೆಡಿಸಿದ ಮರಿಯ ಮೂಗನ್ನು ಅದರಲ್ಲಿ ತಿಕ್ಕುವ, ಕಾಗದದ ಸುರುಳಿಯಿಂದ ಹೊಡೆಯುವ ಪದ್ಧತಿ ಇನ್ನೂ ಹಲವೆಡೆ ಇದೆ. ಇದು ಕ್ರೌರ್ಯ ಮಾತ್ರವಲ್ಲ, ನಿಷ್ಫಲ ಕೂಡ. ಅರ್ಧಗಂಟೆಯ ಹಿಂದೆ ನಡೆದುದಕ್ಕೂ ಈಗ ಬೀಳುವ ಪೆಟ್ಟಿಗೂ ಇರುವ ಸಂಬಂಧ ಅದಕ್ಕೆ ಹೊಳೆಯದು. ಅದು ಕಲಿಯುವುದು ಇಷ್ಟೇ: ಯಜಮಾನನ ಎದುರಿಗೆ ಮೂತ್ರ ಮಾಡಿದರೆ ಅಪಾಯ. ಆ ಬಳಿಕ ಅದು ಸೋಫಾದ ಹಿಂದೆ ಅಡಗಿ ಮಾಡುತ್ತದೆ. ನೀವು ಜೊತೆಗಿರುವವರೆಗೆ ಹೊರಗಿನ ಜಾಗದಲ್ಲಿಯೂ ಮಾಡಲೊಲ್ಲದು. ಕಣ್ಣೆದುರಿಗೇ ಮಾಡತೊಡಗಿದರೆ ಚಪ್ಪಾಳೆ ತಟ್ಟಿ ತಡೆದು, ಕೂಡಲೆ ಎತ್ತಿಕೊಂಡು ಕೆಳಗೋಡಬೇಕು. ಆಮೇಲೆ ಕಂಡರೆ ಮಾತಿಲ್ಲದೆ ಶುಚಿಮಾಡಬೇಕು.

ಶುಚಿಮಾಡುವುದಕ್ಕೂ ಒಂದು ಕ್ರಮವುಂಟು. ಮೊದಲು ಹಳೆಯ ಬಟ್ಟೆಯಿಂದ ಒತ್ತಿ ಹೀರಿಸಿ, ಸಾಬೂನುನೀರಿನಿಂದ ತೊಳೆದು, ಮೂತ್ರದ ಅಂಶಗಳನ್ನೇ ಒಡೆಯುವ ಕಿಣ್ವಯುಕ್ತ ದ್ರಾವಣವನ್ನು ಬಳಸಬೇಕು. ಅಮೋನಿಯ ಬೆರೆತ ದ್ರಾವಣ ಬೇಡ. ಅದರ ವಾಸನೆ ಮೂತ್ರದ ವಾಸನೆಯನ್ನೇ ಹೋಲುವುದರಿಂದ ನಾಯಿಗೆ ಅದು ಮರಳಿ ಬರಲು ಕರೆಯೋಲೆಯಾಗುತ್ತದೆ. ಒರೆಸಿದ ಆ ಬಟ್ಟೆಯನ್ನು ಹೊರಗಿನ ಜಾಗದಲ್ಲಿ ಸ್ವಲ್ಪ ಹೊತ್ತು ಒತ್ತಿಟ್ಟರೆ, ತಪ್ಪಿನಿಂದಲೇ ಪಾಠಕ್ಕೆ ಸಹಾಯವಾಗುತ್ತದೆ.

ಚೆನ್ನಾಗಿ ಕಲಿತಿದ್ದ ನಾಯಿ ಇದ್ದಕ್ಕಿದ್ದಂತೆ ಕೆಡಿಸತೊಡಗಿದರೆ ಅದನ್ನು ಹಟವೆಂದು ತಿಳಿಯದಿರಿ. ಮೂತ್ರಕೋಶದ ಸೋಂಕು, ಸಕ್ಕರೆ ಕಾಯಿಲೆ, ಮೂತ್ರಪಿಂಡದ ವಿಕಾರ, ಮುಪ್ಪಿನಲ್ಲಿ ಬರುವ ಮರೆವು ಇವುಗಳಲ್ಲಿ ಯಾವುದಾದರೂ ಇರಬಹುದು. ಪಶುವೈದ್ಯರಲ್ಲಿಗೆ ಒಯ್ಯುವುದೇ ಆಗ ಸರಿಯಾದ ಮಾರ್ಗ. ಒಂದೇ ಜಾಗಕ್ಕೆ ಹೋಗುವ ನಾಯಿಯ ವಿಷಯದಲ್ಲಿ ಇನ್ನೊಂದು ಲಾಭವಿದೆ: ಮಲದಲ್ಲಿನ ರಕ್ತ, ಹುಳು, ಭೇದಿ, ಮೂತ್ರದ ಬಣ್ಣ ಇವೆಲ್ಲ ಅಂದೇ ಕಣ್ಣಿಗೆ ಬೀಳುತ್ತವೆ. ರೋಗ ಬೇಗ ತಿಳಿದರೆ ಚಿಕಿತ್ಸೆಯೂ ಸುಲಭ.

ಮಳೆಗಾಲ

ಜೂನ್ ತಿಂಗಳಿಂದ ಸೆಪ್ಟೆಂಬರಿನವರೆಗೆ ಮುಂಬಯಿಯ ಮಳೆ ಈ ಶಿಕ್ಷಣದ ನಿಜವಾದ ಪರೀಕ್ಷೆ. ಮಳೆ ವಾಸನೆಯ ಗುರುತನ್ನು ತೊಳೆದುಬಿಡುತ್ತದೆ. ಅನೇಕ ನಾಯಿಗಳು ಒದ್ದೆ ನೆಲವನ್ನು ಮೆಟ್ಟಲೂ ಒಲ್ಲವು. ಆದುದರಿಂದ ಬೇಸಗೆಯಲ್ಲಿಯೇ ಸೂರಿನ ಮರೆಯಿರುವ ಜಾಗವನ್ನು ಆರಿಸುವುದು ಒಳಿತು. ಇಲ್ಲವಾದರೆ ಮೇಲೆ ಒಂದು ತಗಡಿನ ಹೊದಿಕೆ ಹಾಕಿಸಲು ಸಂಘದ ಒಪ್ಪಿಗೆ ಪಡೆಯಬಹುದು.

ಇದರಲ್ಲಿ ಆರೋಗ್ಯದ ಪ್ರಶ್ನೆಯೂ ಇದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿದುದನ್ನೂ, ಆ ಪ್ರವಾಹದ ಬೆನ್ನಿಗೇ ಇಲಿಜ್ವರ ಹಬ್ಬಿದುದನ್ನೂ ಇಲ್ಲಿನ ಹಿರಿಯರು ಮರೆತಿರಲಾರರು. ಈ ರೋಗಾಣುವನ್ನು ಹರಡುವುದರಲ್ಲಿ ಇಲಿಗಳದೇ ಮೇಲುಗೈ. ಆದರೆ ಸೋಂಕು ತಗಲಿದ ನಾಯಿಯ ಮೂತ್ರದಲ್ಲಿಯೂ ಅದು ಹೊರಬರುತ್ತದೆ, ನಿಂತ ನೀರಿನಲ್ಲಿ ಬದುಕುತ್ತದೆ, ಕಾಲಿನ ಗಾಯದ ಮೂಲಕ ಮನುಷ್ಯನನ್ನು ಸೇರುತ್ತದೆ. ನಾಯಿಗೆ ಇದರ ವಿರುದ್ಧ ವರ್ಷಕ್ಕೊಮ್ಮೆ ಲಸಿಕೆ ಹಾಕಿಸಿ, ನೀರು ನಿಲ್ಲದ ಎತ್ತರದ ಜಾಗದಲ್ಲಿ ಅದರ ಶೌಚಸ್ಥಾನವನ್ನಿಟ್ಟರೆ ನಮ್ಮ ಪಾಲಿನ ಕರ್ತವ್ಯ ಸಂದಂತಾಗುತ್ತದೆ.

ಎಷ್ಟು ಕಾಲ?

ಬಹುಪಾಲು ಮರಿಗಳು ನಾಲ್ಕರಿಂದ ಆರು ವಾರಗಳ ನಿಷ್ಠೆಯ ಅಭ್ಯಾಸದಿಂದ ಜಾಗವನ್ನು ಗುರುತಿಸಿಕೊಳ್ಳುತ್ತವೆ. ಪೂರ್ಣ ಭರವಸೆಯಿಡಲು ಆರು ತಿಂಗಳು, ಕೆಲವೊಮ್ಮೆ ಒಂದು ವರ್ಷ ಬೇಕಾದೀತು. ಚಿಕ್ಕ ತಳಿಗಳು ಸಾಮಾನ್ಯವಾಗಿ ನಿಧಾನ. ಬ್ಯಾಂಕಿನಲ್ಲಿ ತಿಂಗಳು ತಿಂಗಳೂ ಕಟ್ಟುವ ಸಂಚಿತ ಠೇವಣಿಯಂತೆಯೇ ಇದು. ಕಂತು ಚಿಕ್ಕದಾದರೂ ತಪ್ಪಬಾರದು. ಭಾನುವಾರವೆಂದು ಎರಡು ಗಂಟೆ ತಡವಾಗಿ ಏಳುವ ಮನೆಯಲ್ಲಿ ನಾಯಿ ಸೋಮವಾರವೂ ತಪ್ಪುತ್ತದೆ.

ನಾಯಿಯ ಬಾಲ ಡೊಂಕೆಂದು ನಮ್ಮ ಗಾದೆ ಹೇಳುತ್ತದೆ. ಬಾಲದ ಮಾತು ನಿಜವಿರಬಹುದು. ಅಭ್ಯಾಸದ ಮಾತು ಹಾಗಲ್ಲ. ಅದನ್ನು ನೇರಗೊಳಿಸುವುದು ಒಡೆಯನ ಕೈಯಲ್ಲಿದೆ. ಹಿತ್ತಿಲನ್ನು ಊರಿನಲ್ಲಿ ಬಿಟ್ಟುಬಂದವರು ನಾವು. ನಮ್ಮೊಡನೆ ಬಾಳಲು ಬಂದ ಈ ಮೂಕಪ್ರಾಣಿಗೆ ಒಂದು ಚದರ ಮೀಟರಿನಷ್ಟು ಹಿತ್ತಿಲನ್ನಾದರೂ ಗೊತ್ತುಮಾಡಿಕೊಟ್ಟರೆ, ನೆರೆಯವರು ಅದನ್ನು ಕಂಡು ಮುಖ ತಿರುಗಿಸದೆ, ‘ನಿಮ್ಮ ನಾಯಿ ಬಹಳ ಸಭ್ಯ’ ಎಂದು ಹೇಳುವ ದಿನ ದೂರವಿರುವುದಿಲ್ಲ.